ಹೊಸ ಸ್ಲಾಲಮ್ ಸ್ಕೇಟ್: ಕಾಲಿಗೆ ಹೊಂದಿಸಿಕೊಳ್ಳುವ ಮತ್ತು ಪಳಗುವ ಕ್ರಮ

ಬೇಸಿಗೆ ರಜೆಯ ಸ್ಕೇಟಿಂಗ್ ತರಗತಿಗಳು ಮುಗಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಪಾಲಕರು ನನ್ನನ್ನು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಾರೆ. ತರಗತಿಯ ಹಳೆಯ ಸ್ಕೇಟಿನಲ್ಲಿ ಸರಾಗವಾಗಿ ಓಡುತ್ತಿದ್ದ ಮಗುವಿಗೆ ದುಡ್ಡು ಕೂಡಿಸಿ ಒಳ್ಳೆಯ ಸ್ಲಾಲಮ್ ಸ್ಕೇಟ್ ಕೊಡಿಸಿದೆವು, ಈಗ ಅದು ನೆಟ್ಟಗೆ ನಿಲ್ಲಲೂ ತಡವರಿಸುತ್ತಿದೆ, ತಪ್ಪು ಸ್ಕೇಟಿನದೋ ಕಾಲಿನದೋ ಎಂಬುದು ಆ ಪ್ರಶ್ನೆ. ಗದಗ ಮತ್ತು ಹಾವೇರಿಯ ಕಡೆಯಿಂದ, ನಡುವಯಸ್ಸಿನಲ್ಲಿ ಕಲಿಯಲು ಹೊರಟ ದೊಡ್ಡವರಿಂದಲೂ ಇದೇ ಮಾತು ಬರುತ್ತದೆ. ಬಹುತೇಕ ಸಂದರ್ಭಗಳಲ್ಲಿ ತಪ್ಪು ಎರಡರದ್ದೂ ಅಲ್ಲ. ಸ್ಲಾಲಮ್ ಸ್ಕೇಟನ್ನು ಸುಲಭವಾಗಿ ತಿರುಗಲೆಂದೇ ಮಾಡಿರುತ್ತಾರೆ. ಸುಲಭವಾಗಿ ತಿರುಗುವ ವಸ್ತು ನೆಟ್ಟಗೆ ಹೋಗುವಾಗ ಅಲುಗುವುದು ಅದರ ಸಹಜ ಗುಣ. ಆ ಗುಣ ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟನ್ನು ನಾವು ಸರಿಪಡಿಸಿಕೊಳ್ಳಬೇಕು, ಎಷ್ಟನ್ನು ಕಾಲಿಗೆ ರೂಢಿಯಾಗಲು ಬಿಡಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ನೆಲದ ಮೇಲೆ ಒಂದೇ ಗೆರೆಯಲ್ಲಿ ಇಟ್ಟ ಪುಟ್ಟ ಕೋನ್‌ಗಳ ನಡುವೆ, ಅವುಗಳಿಗೆ ತಾಕದಂತೆ ಹಾವಿನ ಹಾಗೆ ಸುಳಿದು ಹೋಗುವುದೇ ಸ್ಲಾಲಮ್. ವೇಗದ ಸ್ಲಾಲಮಿನಲ್ಲಿ 80 ಸೆಂ.ಮೀ. ಅಂತರದ 20 ಕೋನ್‌ಗಳನ್ನು ಒಂದೇ ಕಾಲಿನ ಮೇಲೆ ದಾಟಬೇಕು. ಬೀಳಿಸಿದ ಅಥವಾ ತಪ್ಪಿಸಿದ ಪ್ರತಿ ಕೋನಿಗೆ 0.2 ಸೆಕೆಂಡ್ ದಂಡ ಸೇರುತ್ತದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಸ್ಪರ್ಧೆಯೂ ಇತ್ತು. ಇದಕ್ಕೆ ಬಳಸುವುದು ಇನ್‌ಲೈನ್ ಸ್ಕೇಟ್, ಅಂದರೆ ನಾಲ್ಕು ಗಾಲಿಗಳು ಒಂದರ ಹಿಂದೆ ಒಂದಿರುವ ಸ್ಕೇಟ್. ಎರಡೆರಡು ಗಾಲಿ ಜೊತೆಯಾಗಿರುವ ಕ್ವಾಡ್ ಸ್ಕೇಟಿಗೆ ಈ ಲೇಖನ ಅನ್ವಯಿಸುವುದಿಲ್ಲ.

ಬೇಕಾಗುವ ಸಾಮಗ್ರಿ

ಸ್ಕೇಟಿನ ತಿರುಪುಗಳಿಗೆ ಹೊಂದುವ ಅಲೆನ್ ಕೀ (ಎಲ್ ಆಕಾರದ, ಆರು ಮೂಲೆಯ ಕೀಲಿ, ಸಾಮಾನ್ಯವಾಗಿ 4 ಮತ್ತು 5 ಮಿ.ಮೀ. ಅಳತೆಯವು ಸಾಕಾಗುತ್ತವೆ), ಪೆನ್ಸಿಲ್, ಅಳತೆ ಟೇಪು, ಸೀಮೆಸುಣ್ಣ, ಒಂದು ಚಿಕ್ಕ ನೋಟ್‌ಬುಕ್ ಮತ್ತು ವರ್ನಿಯರ್ ಕ್ಯಾಲಿಪರ್ ಇರಲಿ. ವರ್ನಿಯರನ್ನು ಕೊಳ್ಳಲೇಬೇಕೆಂದಿಲ್ಲ, ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇತ್ ನಡೆಸುವವರು ಯಾರಾದರೂ ಪರಿಚಯದವರಿದ್ದರೆ ಎಂಟು ಗಾಲಿಗಳನ್ನು ಐದು ನಿಮಿಷದಲ್ಲಿ ಅಳೆದುಕೊಡುತ್ತಾರೆ. ಕೋನ್‌ಗಳ ಬದಲಿಗೆ ಚಹಾದ ಕಾಗದದ ಕಪ್ಪುಗಳನ್ನು ಬೋರಲು ಹಾಕಿದರೂ ನಡೆಯುತ್ತದೆ. ಹೆಲ್ಮೆಟ್, ಮುಂಗೈ, ಮೊಣಕೈ ಮತ್ತು ಮೊಣಕಾಲಿನ ಕವಚಗಳಿಲ್ಲದೆ ಆರನೆಯ ಹಂತಕ್ಕೆ ಹೋಗಬೇಡಿ.

ಹಂತ 1: ಬಿಚ್ಚುವ ಮೊದಲು ಬರೆದಿಡಿ

ಹೊಸ ಸ್ಕೇಟು ಕೈಗೆ ಬಂದೊಡನೆ ಕೀಲಿ ಹಿಡಿದು ಕೂರುವ ಆಸೆಯನ್ನು ತಡೆದುಕೊಳ್ಳಿ. ಫ್ರೇಮು, ಅಂದರೆ ಬೂಟಿನ ತಳಕ್ಕೆ ಜೋಡಿಸಿ ಗಾಲಿಗಳನ್ನು ಹಿಡಿದಿರುವ ಲೋಹದ ಚೌಕಟ್ಟು, ಈಗ ಎಲ್ಲಿ ಕುಳಿತಿದೆ ಎಂಬುದನ್ನು ಬೂಟಿನ ತಳದಲ್ಲಿ ಪೆನ್ಸಿಲಿನಿಂದ ಗುರುತಿಸಿರಿ. ಪ್ರತಿ ಗಾಲಿಯ ವ್ಯಾಸವನ್ನು ಮುಂದಿನಿಂದ ಹಿಂದಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಕ್ರಮವಾಗಿ ಬರೆದುಕೊಳ್ಳಿರಿ. ಮುಂದೆ ಏನಾದರೂ ಹದಗೆಟ್ಟಾಗ ಹಿಂದಿರುಗಿ ಬರಲು ಇದೊಂದೇ ದಾರಿ. ಈ ಗುರುತಿಲ್ಲದೆ ಫ್ರೇಮನ್ನು ನಾಲ್ಕು ಬಾರಿ ಆಚೀಚೆ ಸರಿಸಿ, ಕೊನೆಗೆ ಮೊದಲು ಎಲ್ಲಿತ್ತೆಂದು ತಿಳಿಯದೆ ಕುಳಿತವರನ್ನು ನಾನು ಬಹಳ ಕಂಡಿದ್ದೇನೆ.

ಇದೇ ಹೊತ್ತಿನಲ್ಲಿ ಒಂದೊಂದೇ ಗಾಲಿಯನ್ನು ಬಿಚ್ಚಿ ಅದರ ಒಳಗನ್ನು ನೋಡಿರಿ. ಪ್ರತಿ ಗಾಲಿಯಲ್ಲಿ ಎರಡು ಬೇರಿಂಗುಗಳೂ ಅವುಗಳ ನಡುವೆ ಒಂದು ಸ್ಪೇಸರೂ ಇರಬೇಕು. ಬೇರಿಂಗುಗಳನ್ನು ಒಂದಕ್ಕೊಂದು ತಾಗದಂತೆ ಸರಿಯಾದ ಅಂತರದಲ್ಲಿ ಹಿಡಿದಿಡುವ ಪುಟ್ಟ ಲೋಹದ ಕೊಳವೆಯೇ ಸ್ಪೇಸರ್. ಅದಿಲ್ಲದಿದ್ದರೆ ತಿರುಪು ಬಿಗಿದಂತೆಲ್ಲ ಬೇರಿಂಗುಗಳು ಅದುಮಲ್ಪಟ್ಟು ಗಾಲಿ ಹಿಡಿದುಕೊಳ್ಳುತ್ತದೆ. ಸಡಿಲ ಬಿಟ್ಟರೆ ಗಾಲಿ ಲೊಡಲೊಡ ಎನ್ನುತ್ತದೆ. ನನ್ನ ಮಗಳ ಮೊದಲ ಜೋಡಿಯ ಎರಡು ಗಾಲಿಗಳಲ್ಲಿ ಸ್ಪೇಸರೇ ಇರಲಿಲ್ಲ, ಮತ್ತು ಮೂರು ತಿಂಗಳ ಕಾಲ ನಾವು ಅವಳ ಎಡಗಾಲಿನಲ್ಲೇ ಬಲ ಕಡಿಮೆಯೆಂದು ನಂಬಿದ್ದೆವು.

ಹಂತ 2: ಬೂಟು

ಬೂಟು ಕಾಲಿಗೆ ಹೊಂದದೆ ಉಳಿದ ಯಾವ ಹೊಂದಾಣಿಕೆಯೂ ಅರ್ಥ ಪಡೆಯುವುದಿಲ್ಲ. ಸಂಜೆಯ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಹಿಮ್ಮಡವನ್ನು ಗೋಡೆಗೆ ತಾಗಿಸಿ ನಿಂತು, ಮೈಭಾರ ಹಾಕಿ ಪಾದದ ಉದ್ದವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಎರಡೂ ಪಾದಗಳನ್ನು ಅಳೆದು ಉದ್ದನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ. ಬೂಟು ತೊಟ್ಟು ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗದ ಮೆತ್ತೆಗೆ ಹಗುರಾಗಿ ತಾಗಬೇಕು, ಮಂಡಿ ಬಾಗಿಸಿದಾಗ ಬೆರಳು ತುಸು ಹಿಂದೆ ಸರಿಯಬೇಕು, ಹಿಮ್ಮಡ ಮಾತ್ರ ಯಾವ ಭಂಗಿಯಲ್ಲೂ ಮೇಲೇಳಬಾರದು.

ಇಲ್ಲಿ ಪಾಲಕರು ಮಾಡುವ ತಪ್ಪು ಬಹಳ ಸಾಮಾನ್ಯವಾದದ್ದು. ಮುಂದಿನ ವರ್ಷಕ್ಕೂ ಆಗಲಿ ಎಂದು ಶಾಲೆಯ ಬೂಟು ಕೊಳ್ಳುವಂತೆ ಎರಡು ಅಳತೆ ದೊಡ್ಡದನ್ನು ಕೊಳ್ಳುತ್ತಾರೆ. ಖರ್ಚಿನ ಚಿಂತೆ ನನಗೂ ಅರ್ಥವಾಗುತ್ತದೆ, ಆದರೆ ದೊಡ್ಡ ಬೂಟಿನೊಳಗೆ ಪಾದ ತಿರುಗಿದ ಮೇಲೆ ಗಾಲಿ ತಿರುಗುತ್ತದೆ. ಆ ವಿಳಂಬದಲ್ಲೇ ಮಗು ಬೀಳುತ್ತದೆ. ಬೆಳೆಯುವ ಮಕ್ಕಳಿಗೆ ಐದಾರು ಮಿಲಿಮೀಟರಿಗಿಂತ ಹೆಚ್ಚು ಜಾಗ ಬಿಡಬೇಡಿ, ಇಲ್ಲವೇ ಅಳತೆ ಹೆಚ್ಚಿಸಿಕೊಳ್ಳಬಹುದಾದ ಬೂಟನ್ನೇ ಆರಿಸಿರಿ.

ಲೇಸನ್ನು ಬೆರಳುಗಳ ಕಡೆ ಸಡಿಲವಾಗಿ, ಮೇಲೆ ಹೋದಂತೆ ಬಿಗಿಯಾಗಿ ಕಟ್ಟಬೇಕು. ಪಾದದ ಮೇಲ್ಭಾಗದಲ್ಲಿ ಓರೆಯಾಗಿ ಹಾದು ಹೋಗುವ ಪಟ್ಟಿ ಹಿಮ್ಮಡವನ್ನು ಹಿಂದಕ್ಕೆ ಒತ್ತಿ ಹಿಡಿಯಲೆಂದೇ ಇದೆ. ಬಿಗಿತ ಹೆಚ್ಚು ಬೇಕಾದದ್ದು ಅಲ್ಲಿ. ಮೇಲಿನ ಬಕಲನ್ನು ಮಂಡಿ ಮುಂದಕ್ಕೆ ಬಾಗುವಷ್ಟು ಅವಕಾಶವಿಟ್ಟು ಹಾಕಿರಿ. ಮೊದಲ ಕೆಲವು ದಿನ ಪಾದದ ಕಮಾನು ಸೆಳೆಯುವುದು ಸಹಜ, ಆದರೆ ಬೆರಳು ಜೋಮು ಹಿಡಿದರೆ ಲೇಸು ಅತಿಯಾಯಿತೆಂದೇ ತಿಳಿಯಿರಿ. ಹರಡಿನ ಎಲುಬು ಒಂದೇ ಕಡೆ ಉಜ್ಜುತ್ತಿದ್ದರೆ ಅಲ್ಲಿಗೆ ಎಣ್ಣೆಯಲ್ಲಿ ಕಲಸಿದ ಒಂದು ಚಿಟಿಕೆ ಕುಂಕುಮ ಹಚ್ಚಿ ಬೂಟಿನೊಳಗೆ ಕಾಲಿಟ್ಟು ತೆಗೆಯಿರಿ. ಒಳಮೆತ್ತೆಯಲ್ಲಿ ಬಣ್ಣ ಅಂಟಿದ ಜಾಗವೇ ಒತ್ತುವ ಜಾಗ, ಅದರ ಸುತ್ತ ತೆಳುವಾದ ಫೋಮ್ ಅಂಟಿಸಿದರೆ ಒತ್ತಡ ಹಂಚಿಹೋಗುತ್ತದೆ. ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸುವ ಬೂಟುಗಳೂ ಇವೆ, ಆದರೆ ತಯಾರಕರ ಕೈಪಿಡಿಯಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ, ಅಲ್ಲಿ ಹೇಳಿದ ಉಷ್ಣತೆಯಲ್ಲಿ ಮಾತ್ರ ಅದನ್ನು ಮಾಡಬೇಕು. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಸ್ಕೇಟನ್ನು ಬಿಟ್ಟರೆ ಅಂಟು ಸಡಿಲವಾಗಿ ಬೂಟು ಹಾಳಾದೀತು.

ಒಳಮೆತ್ತೆ ಪಾದಕ್ಕೆ ಕುಳಿತುಕೊಳ್ಳಲು ಹತ್ತು ಹದಿನೈದು ತಾಸಿನ ಬಳಕೆ ಬೇಕು. ಅಷ್ಟರವರೆಗೆ ಬೂಟಿನ ಬಗ್ಗೆ ಅಂತಿಮ ತೀರ್ಮಾನಕ್ಕೆ ಬರಬೇಡಿ.

ಹಂತ 3: ಫ್ರೇಮನ್ನು ಪಾದದ ಕೆಳಗೆ ತರುವುದು

ಫ್ರೇಮಿನ ಉದ್ದವನ್ನು ಮೊದಲ ಗಾಲಿಯ ನಡುವಿನಿಂದ ಕೊನೆಯ ಗಾಲಿಯ ನಡುವಿನವರೆಗೆ ಎಣಿಸುತ್ತಾರೆ. 243 ಮಿ.ಮೀ. ಫ್ರೇಮಿನಲ್ಲಿ ಮೂರು ಸಮನಾದ ಅಂತರಗಳಿದ್ದು ಒಂದೊಂದೂ 81 ಮಿ.ಮೀ. ಆಗುವುದರಿಂದ ಅದರಲ್ಲಿ 80 ಮಿ.ಮೀ. ಗಾಲಿ ಕೂರುತ್ತದೆ, 231 ಮಿ.ಮೀ. ಫ್ರೇಮಿನಲ್ಲಿ ಅಂತರ 77 ಆಗಿ 76 ಮಿ.ಮೀ. ಗಾಲಿ ಕೂರುತ್ತದೆ. ಗಾಲಿ ಕೊಳ್ಳುವಾಗ ಈ ಭಾಗಾಕಾರವನ್ನು ನೀವೇ ಮಾಡಿ ನೋಡಿದರೆ ಅಂಗಡಿಯವರ ಮಾತನ್ನು ಅವಲಂಬಿಸಬೇಕಿಲ್ಲ.

ಹೊಂದಾಣಿಕೆಯ ವಿಷಯಕ್ಕೆ ಬಂದರೆ, ಹಿಮ್ಮಡದ ನಡುವಿನಿಂದ ಎರಡನೆಯ ಮತ್ತು ಮೂರನೆಯ ಬೆರಳುಗಳ ನಡುವಿಗೆ ಒಂದು ಗೆರೆ ಎಳೆದರೆ ಫ್ರೇಮು ಆ ಗೆರೆಯ ಕೆಳಗೆ ಇರಬೇಕು ಎಂಬುದು ಆರಂಭದ ಸ್ಥಾನ. ಈಗ ಸಮತಟ್ಟಾದ ನೆಲದ ಮೇಲೆ ಸ್ಕೇಟು ತೊಟ್ಟು ಮಂಡಿ ತುಸು ಬಾಗಿಸಿ ನಿಂತು, ಹಿಂದಿನಿಂದ ಇನ್ನೊಬ್ಬರು ನೋಡಲಿ. ಹರಡು ಒಳಕ್ಕೆ ಬೀಳುತ್ತಿದ್ದರೆ ಫ್ರೇಮನ್ನು ಒಳಬದಿಗೆ, ಹೆಬ್ಬೆರಳಿನ ಕಡೆಗೆ, ಸರಿಸಬೇಕು. ಹೊರಕ್ಕೆ ಬೀಳುತ್ತಿದ್ದರೆ ಹೊರಬದಿಗೆ. ಕೇಳಿದ ಕೂಡಲೇ ಇದು ತಿರುವುಮುರುವಾಗಿ ತೋರುತ್ತದೆ, ಅನೇಕರು ವಿರುದ್ಧ ದಿಕ್ಕಿಗೇ ಸರಿಸುತ್ತಾರೆ. ಮಾಳಿಗೆಯ ತೊಲೆ ಎಲ್ಲಿ ಬಾಗುತ್ತಿದೆಯೋ ಅಲ್ಲಿಗೇ ಕಂಬ ಕೊಡುತ್ತೇವಲ್ಲವೇ, ಹಾಗೆಯೇ ಮೈಭಾರ ಬೀಳುವ ಕಡೆಗೆ ಆಧಾರ ಹೋಗಬೇಕು ಎಂದು ನೆನಪಿಟ್ಟುಕೊಂಡರೆ ದಿಕ್ಕು ತಪ್ಪುವುದಿಲ್ಲ.

ಒಂದು ಬಾರಿಗೆ ಒಂದು ಅಥವಾ ಎರಡು ಮಿಲಿಮೀಟರು ಮಾತ್ರ ಸರಿಸಿರಿ. ಎರಡು ಕಾಲುಗಳಿಗೆ ಒಂದೇ ಅಳತೆ ಬೇಕೆಂದೇನೂ ಇಲ್ಲ. ಮುಂದಿನ ಮತ್ತು ಹಿಂದಿನ ತಿರುಪುಗಳನ್ನು ಒಂದೇ ಸಲ ಪೂರ್ತಿ ಬಿಗಿಯದೆ ಅದಲುಬದಲಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ, ಇಲ್ಲದಿದ್ದರೆ ಫ್ರೇಮು ಓರೆಯಾಗಿ ಕೂರುತ್ತದೆ. ಮೊದಲ ಎರಡು ಮೂರು ಅಭ್ಯಾಸಗಳ ನಂತರ ಎಲ್ಲ ತಿರುಪುಗಳನ್ನೂ ಮತ್ತೆ ಪರೀಕ್ಷಿಸಿರಿ, ಏಕೆಂದರೆ ಹೊಸ ತಿರುಪು ಅದುರುವಿಕೆಗೆ ಸಡಿಲವಾಗುವುದು ಈ ಅವಧಿಯಲ್ಲೇ.

ಒಂದು ಎಚ್ಚರಿಕೆ: ಹರಡು ಒಳಕ್ಕೆ ಬೀಳಲು ಸಡಿಲ ಲೇಸೂ ದೊಡ್ಡ ಬೂಟೂ ಕಾರಣವಾಗುತ್ತವೆ. ಎರಡನೆಯ ಹಂತ ಮುಗಿಯದೆ ಫ್ರೇಮಿಗೆ ಕೈಹಾಕಿದರೆ ಬೂಟಿನ ದೋಷವನ್ನು ಫ್ರೇಮಿನಲ್ಲಿ ತಿದ್ದಲು ಹೊರಟಂತಾಗುತ್ತದೆ.

ಹಂತ 4: ರಾಕರಿಂಗ್

ಇದು ಇಡೀ ವಿಷಯದ ತಿರುಳು, ಆದ್ದರಿಂದ ಸಾವಧಾನವಾಗಿ ಓದಿರಿ. ಸಾಮಾನ್ಯ ಸ್ಕೇಟಿನಲ್ಲಿ ನಾಲ್ಕೂ ಗಾಲಿಗಳು ಒಟ್ಟಿಗೆ ನೆಲಕ್ಕೆ ತಾಗುತ್ತವೆ. ಸ್ಲಾಲಮ್ ಸ್ಕೇಟಿನಲ್ಲಿ ಮೊದಲ ಮತ್ತು ಕೊನೆಯ ಗಾಲಿಗಳು ತುಸು ಮೇಲಿರುತ್ತವೆ, ಅಂದರೆ ಗಾಲಿಗಳ ಸಾಲಿಗೆ ತೊಟ್ಟಿಲ ಬುಡದಂತೆ ಸಣ್ಣ ಬಾಗು ಇರುತ್ತದೆ. ಈ ಬಾಗಿಗೆ ರಾಕರಿಂಗ್ ಎನ್ನುತ್ತಾರೆ. ನಡುವೆ 80 ಮಿ.ಮೀ. ಗಾಲಿಗಳನ್ನೂ ಎರಡು ತುದಿಗಳಲ್ಲಿ 76 ಮಿ.ಮೀ. ಗಾಲಿಗಳನ್ನೂ ಹಾಕಿದರೆ ವ್ಯಾಸದ ವ್ಯತ್ಯಾಸ ನಾಲ್ಕು ಮಿ.ಮೀ. ಆದರೂ ತ್ರಿಜ್ಯದ ವ್ಯತ್ಯಾಸ ಎರಡೇ ಆದ್ದರಿಂದ ತುದಿಯ ಗಾಲಿಗಳು ನೆಲದಿಂದ ಎರಡು ಮಿ.ಮೀ. ಮೇಲೆ ನಿಲ್ಲುತ್ತವೆ. ಆಗ ಒಂದು ಹೊತ್ತಿಗೆ ನೆಲ ಮುಟ್ಟುವುದು ಎರಡು ಗಾಲಿ ಮಾತ್ರ. ಆಧಾರದ ಉದ್ದ ಕುಗ್ಗಿದಷ್ಟೂ ತಿರುವು ಚಿಕ್ಕದಾಗುತ್ತದೆ, ನೇರ ಓಟದ ಸ್ಥಿರತೆಯೂ ಅಷ್ಟೇ ಕುಗ್ಗುತ್ತದೆ. ಮಗು ತಡವರಿಸುವುದಕ್ಕೆ ಕಾರಣ ಇದೇ.

ನಿಮ್ಮ ಸ್ಕೇಟಿನಲ್ಲಿ ಬಾಗು ಇದೆಯೇ ಎಂದು ತಿಳಿಯಲು ಅದನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯಂತಹ ಸಮತಟ್ಟಾದ ಕಲ್ಲಿನ ಮೇಲಿಟ್ಟು ಬೆರಳಿನಿಂದ ಮುಂಭಾಗವನ್ನು ಒತ್ತಿರಿ. ಹಿಂಭಾಗ ಮೇಲೆದ್ದರೆ ಬಾಗು ಇದೆ. ಆದರೆ ಬಾಗು ಎರಡು ಬಗೆಯಲ್ಲಿ ಬಂದಿರಬಹುದು. ಕೆಲವು ಫ್ರೇಮುಗಳಲ್ಲಿ ತುದಿಯ ರಂಧ್ರಗಳನ್ನೇ ಸ್ವಲ್ಪ ಮೇಲೆ ಕೊರೆದಿರುತ್ತಾರೆ, ಆಗ ನಾಲ್ಕೂ ಗಾಲಿಗಳು ಒಂದೇ ಅಳತೆಯವು. ಸಪಾಟಾದ ಫ್ರೇಮಿನಲ್ಲಾದರೆ ಗಾಲಿಗಳ ಅಳತೆಯೇ ಬೇರೆ ಬೇರೆ. ಮೊದಲ ಬಗೆಯ ಫ್ರೇಮಿಗೆ ತಿಳಿಯದೆ ತುದಿಯಲ್ಲಿ ಚಿಕ್ಕ ಗಾಲಿ ಹಾಕಿದರೆ ಬಾಗು ಅತಿಯಾಗಿ ಸ್ಕೇಟು ಬುಗುರಿಯಂತೆ ತಿರುಗತೊಡಗುತ್ತದೆ. ನೀವು ಒಂದನೆಯ ಹಂತದಲ್ಲಿ ಬರೆದಿಟ್ಟ ಅಳತೆ ಈಗ ಉಪಯೋಗಕ್ಕೆ ಬರುತ್ತದೆ.

ಪೂರ್ತಿ ಬಾಗು ಕಷ್ಟವೆನಿಸುವವರಿಗೆ ನಾನು ಸೂಚಿಸುವ ನಡುದಾರಿ, ಸಪಾಟಾದ ಫ್ರೇಮಿನಲ್ಲಿ ಮುಂದಿನ ಒಂದೇ ಗಾಲಿಯನ್ನು 76ಕ್ಕೆ ಇಳಿಸಿ ಉಳಿದ ಮೂರನ್ನು 80ರಲ್ಲೇ ಇಡುವುದು. ಹಿಂದೆ ಆಧಾರ ಉಳಿಯುತ್ತದೆ, ಮುಂದೆ ತಿರುವು ಸಿಗುತ್ತದೆ. ಎರಡು ಮೂರು ವಾರಗಳ ನಂತರ ಹಿಂದಿನದನ್ನೂ ಇಳಿಸಬಹುದು. ಎರಡನೆಯ ಮತ್ತು ಮೂರನೆಯ ಗಾಲಿಗಳು ಮಾತ್ರ ಯಾವಾಗಲೂ ಸಮವಾಗಿರಲಿ. ಅವುಗಳಲ್ಲಿ ಒಂದು ಮಿಲಿಮೀಟರು ವ್ಯತ್ಯಾಸ ಬಂದರೂ ಸ್ಕೇಟು ಒಂದು ಕಡೆಗೆ ತೂಗತೊಡಗುತ್ತದೆ.

ಹಂತ 5: ಗಾಲಿಯ ಗಡಸು

ಗಾಲಿಯ ಮೇಲೆ 82ಎ, 85ಎ ಎಂದು ಮುದ್ರಿಸಿರುವುದು ಅದರ ಗಡಸುತನ; ಸಂಖ್ಯೆ ಹೆಚ್ಚಿದಷ್ಟು ಗಡಸು. ಗಡಸು ಗಾಲಿ ನಯವಾದ ನೆಲದಲ್ಲಿ ಹಗುರಾಗಿ ತಿರುಗುತ್ತದೆ, ಒರಟು ನೆಲದಲ್ಲಿ ಕಾಲಿಗೆ ಅದುರು ತರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅಭ್ಯಾಸ ಮಾಡುವುದು ಶಾಲೆಯ ಕಾಂಕ್ರೀಟು ಅಂಗಳದಲ್ಲಿ, ಆದ್ದರಿಂದ 84-85ಎ ಸಾಕು. ಶಹಾಬಾದ್ ಫರ್ಸಿ ಹಾಸಿದ ಅಂಗಳ ನಯವಾಗಿ ಕಂಡರೂ ಸಂದುಗಳಲ್ಲಿ ಗಾಲಿ ಸಿಕ್ಕಿಕೊಳ್ಳುತ್ತದೆ, ಒದ್ದೆಯಾದರೆ ಜಾರುತ್ತದೆ. ಪೇವರ್ ಕಲ್ಲುಗಳು ಸ್ಲಾಲಮಿಗೆ ಯೋಗ್ಯವೇ ಅಲ್ಲ. ವಾಹನ ಓಡಾಡುವ ರಸ್ತೆಗೆ, ಅದೆಷ್ಟೇ ಹೊಸ ಡಾಂಬರಾಗಿರಲಿ, ಇಳಿಯಬೇಡಿ.

ಬೇರಿಂಗಿನ ಪೊಟ್ಟಣದ ಮೇಲಿನ ಎಬೆಕ್ 5, 7, 9 ಎಂಬ ಸಂಖ್ಯೆಗಳು ತಯಾರಿಕೆಯ ನಿಖರತೆಯನ್ನು ಹೇಳುತ್ತವೆ, ವೇಗವನ್ನಲ್ಲ. ಗಾಲಿಯನ್ನು ಕೈಯಿಂದ ತಿರುಗಿಸಿ ಎಷ್ಟು ಹೊತ್ತು ಸುತ್ತುತ್ತದೆಂದು ನೋಡುವುದೂ ದಾರಿ ತಪ್ಪಿಸುತ್ತದೆ. ಹೊಸ ಗ್ರೀಸು ತುಂಬಿದ ಬೇರಿಂಗು ಕೈಯಲ್ಲಿ ಬೇಗ ನಿಂತರೂ ಮೈಭಾರದ ಕೆಳಗೆ ಚೆನ್ನಾಗಿ ಓಡುತ್ತದೆ.

ಹಂತ 6: ಮೊದಲ ಹತ್ತು ತಾಸು

ಈ ಅವಧಿಯಲ್ಲಿ ಕೋನ್‌ಗಳನ್ನು ಹೊರಗೆ ತೆಗೆಯಬೇಡಿ. ಮೊದಲು ಹುಲ್ಲಿನ ಮೇಲೆ ಅಥವಾ ಹಳೆಯ ಜಮಖಾನದ ಮೇಲೆ ನಿಂತು ಮೈಭಾರವನ್ನು ಬೆರಳಿನಿಂದ ಹಿಮ್ಮಡಕ್ಕೆ, ಹಿಮ್ಮಡದಿಂದ ಬೆರಳಿಗೆ ನಿಧಾನವಾಗಿ ಸರಿಸಿರಿ. ಗಾಲಿಗಳ ಬಾಗು ಪಾದದಡಿ ಹೊರಳುವುದು ತಿಳಿಯುತ್ತದೆ, ಮತ್ತು ಭಾರ ಎಲ್ಲಿದ್ದರೆ ಸ್ಕೇಟು ಸುಮ್ಮನಿರುತ್ತದೆ ಎಂಬ ಬಿಂದು ಪಾದಕ್ಕೇ ಗೊತ್ತಾಗುತ್ತದೆ. ಅದು ಪಾದದ ನಡುಭಾಗ.

ನಂತರ ಕಾಂಕ್ರೀಟಿಗೆ ಬಂದು ನಿಧಾನವಾಗಿ ನೇರವಾಗಿ ಉರುಳಿರಿ. ಆಗ ಎರಡು ಪಾದಗಳನ್ನು ಅಕ್ಕಪಕ್ಕ ಸಮವಾಗಿ ಇಡದೆ ಒಂದನ್ನು ಅರ್ಧ ಪಾದದಷ್ಟು ಮುಂದಿಡಿ, ಮಂಡಿ ಬಾಗಿರಲಿ. ಬಾಗಿನಿಂದ ಕಳೆದುಕೊಂಡ ಆಧಾರದ ಉದ್ದವನ್ನು ಈ ಕತ್ತರಿ ನಿಲುವು ಮರಳಿ ಕೊಡುತ್ತದೆ. ಹೊಸ ಸ್ಕೇಟಿನಲ್ಲಿ ಬೀಳುವವರಲ್ಲಿ ಹೆಚ್ಚಿನವರು ಹಳೆಯ ರೂಢಿಯಂತೆ ಪಾದಗಳನ್ನು ಜೋಡಿಸಿ, ಮಂಡಿ ನೆಟ್ಟಗೆ ಮಾಡಿ, ಹಿಂದಕ್ಕೆ ವಾಲಿ ನಿಂತವರೇ.

ನಿಲ್ಲುವುದನ್ನು ಇದರ ಜೊತೆಯಲ್ಲೇ ಕಲಿಯಬೇಕು. ಸ್ಲಾಲಮ್ ಸ್ಕೇಟುಗಳಿಗೆ ಸಾಮಾನ್ಯವಾಗಿ ಹಿಮ್ಮಡದ ಬ್ರೇಕು ಇರುವುದಿಲ್ಲ, ಕಾಲು ದಾಟಿಸುವಾಗ ಅದು ಅಡ್ಡ ಬರುತ್ತದೆ. ಹಿಂದಿನ ಪಾದವನ್ನು ಅಡ್ಡಲಾಗಿ ತಿರುಗಿಸಿ ನೆಲಕ್ಕೆ ಹಗುರಾಗಿ ಎಳೆಯುತ್ತ ನಿಲ್ಲುವ ಟಿ-ಸ್ಟಾಪನ್ನು ಐದು ಮೀಟರಿನೊಳಗೆ ಹತ್ತಕ್ಕೆ ಹತ್ತು ಬಾರಿ ಮಾಡಲು ಬಂದ ಮೇಲೆ ವೇಗ ಹೆಚ್ಚಿಸಿರಿ.

ಆಮೇಲೆ ಒಂದೇ ಕಾಲಿನ ಮೇಲೆ ಮೂರು ಸೆಕೆಂಡು, ಐದು ಸೆಕೆಂಡು, ಹತ್ತು ಸೆಕೆಂಡು ಉರುಳುವ ಅಭ್ಯಾಸ. ಎರಡು ಕಾಲಿಗೂ ಸಮಾನ ಸಮಯ ಕೊಡಿ. ಸೊರಗಿದ ಕಾಲಿಗೆ ತುಸು ಹೆಚ್ಚೇ ಕೊಡಿ.

ಈ ಹತ್ತು ತಾಸುಗಳಲ್ಲಿ ತಿರುಪುಗಳನ್ನು ಬಿಗಿಯುವುದರ ಹೊರತು ಸ್ಕೇಟಿನಲ್ಲಿ ಏನನ್ನೂ ಬದಲಿಸಬೇಡಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ. ಸೋಮವಾರ ಫ್ರೇಮು ಸರಿಸಿ, ಮಂಗಳವಾರ ಗಾಲಿ ಬದಲಿಸಿ, ಬುಧವಾರ ಲೇಸು ಬೇರೆ ರೀತಿ ಕಟ್ಟಿದರೆ ಗುರುವಾರದ ಸುಧಾರಣೆ ಯಾವುದರಿಂದ ಬಂದದ್ದೆಂದು ಯಾರಿಗೂ ಹೇಳಲಾಗದು, ಪ್ರತಿದಿನ ಬೇರೆ ಸ್ಕೇಟು ತೊಟ್ಟ ಕಾಲು ಯಾವುದಕ್ಕೂ ಒಗ್ಗದು. ಮುಂದೆಯೂ ಒಂದು ಬದಲಾವಣೆಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ಮೂರು ಅಭ್ಯಾಸಗಳಿರಲಿ, ಪ್ರತಿಯೊಂದೂ ನೋಟ್‌ಬುಕ್ಕಿನಲ್ಲಿ ದಾಖಲಾಗಲಿ.

ಹಂತ 7: ಕೋನ್‌ಗಳ ಸಾಲು

ಸೀಮೆಸುಣ್ಣದಿಂದ ನೇರ ಗೆರೆ ಎಳೆದು ಮೊದಲು 120 ಸೆಂ.ಮೀ. ಅಂತರದಲ್ಲಿ ಚುಕ್ಕೆ ಇಡಿ. 14 ಕೋನ್‌ಗಳಿಗೆ 15.6 ಮೀಟರು ಜಾಗ ಬೇಕು. ಇದು ಸರಾಗವಾದ ಮೇಲೆ 80 ಸೆಂ.ಮೀ. ಅಂತರದ 20 ಕೋನ್‌ಗಳು, ಅವುಗಳಿಗೆ 15.2 ಮೀಟರು. ಕೊನೆಯದು 50 ಸೆಂ.ಮೀ. ಅಂತರದ 20, ಅಂದರೆ 9.5 ಮೀಟರು. ಜಾಗ ಕಡಿಮೆಯಿದ್ದರೆ ಅಂತರವನ್ನು ಕುಗ್ಗಿಸದೆ ಕೋನ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಿರಿ.

ಮೊದಲ ಚಲನೆ ಮೀನಿನಾಕಾರದ್ದು: ಎರಡು ಪಾದಗಳೂ ಕೋನಿನ ಎರಡು ಬದಿಗೆ ಹರಡಿ, ದಾಟಿದ ಮೇಲೆ ಕೂಡುತ್ತವೆ. ಎರಡನೆಯದು ಹಾವು: ಒಂದರ ಹಿಂದೆ ಒಂದು ಪಾದವಿಟ್ಟು ಎರಡೂ ಒಟ್ಟಿಗೆ ಕೋನ್‌ಗಳ ಎಡಬಲಕ್ಕೆ ಸುಳಿಯುವುದು. ಮೂರನೆಯದು ಕತ್ತರಿ: ಕೋನಿನ ಬಳಿ ಹರಡಿದ ಪಾದಗಳು ಎರಡು ಕೋನ್‌ಗಳ ನಡುವೆ ಒಂದನ್ನೊಂದು ದಾಟುತ್ತವೆ. ಕಣ್ಣು ಪಾದದ ಮೇಲಿರದೆ ಮೂರು ಕೋನ್ ಮುಂದಿರಬೇಕು. ತಿರುವು ಸೊಂಟದಿಂದ ಹುಟ್ಟಬೇಕು, ಭುಜಗಳು ಸಾಲಿನ ದಿಕ್ಕಿಗೇ ಇರಬೇಕು.

ಕೋನ್ ಬೀಳುವ ರೀತಿಯೇ ದೋಷವನ್ನು ತೋರಿಸುತ್ತದೆ. ಮುಂದಿನ ಗಾಲಿ ತಾಗುತ್ತಿದ್ದರೆ ತಿರುವು ತಡವಾಗಿ ಶುರುವಾಗುತ್ತಿದೆ. ಹಿಂದಿನ ಗಾಲಿ ತಾಗುತ್ತಿದ್ದರೆ ಭಾರ ಹಿಮ್ಮಡದಲ್ಲಿ ಉಳಿದಿದೆ. ಯಾವಾಗಲೂ ಒಂದೇ ಬದಿಯ ಕೋನ್‌ಗಳು ಬೀಳುತ್ತಿದ್ದರೆ ಮೂರನೆಯ ಹಂತಕ್ಕೆ ಮರಳಿ ಆ ಕಾಲಿನ ಫ್ರೇಮನ್ನು ನೋಡಿರಿ.

ಹಂತ 8: ಸವೆತ, ಧೂಳು, ಮಳೆ

ಗಾಲಿಗಳು ಸಾಮಾನ್ಯವಾಗಿ ಒಳ ಅಂಚಿನಲ್ಲಿ ಬೇಗ ಸವೆಯುತ್ತವೆ. ಸಾಮಾನ್ಯ ಸ್ಕೇಟಿನಲ್ಲಿ ಒಂದನ್ನು ಮೂರಕ್ಕೆ, ಎರಡನ್ನು ನಾಲ್ಕಕ್ಕೆ ಬದಲಿಸುವ ರೂಢಿಯಿದೆ. ಬೇರೆ ಬೇರೆ ಅಳತೆಯ ಗಾಲಿಗಳಿಂದ ಬಾಗು ಬಂದಿರುವ ಸ್ಕೇಟಿನಲ್ಲಿ ಹಾಗೆ ಮಾಡಿದರೆ ಬಾಗೇ ಕೆಡುತ್ತದೆ. ತುದಿಯದನ್ನು ಇನ್ನೊಂದು ತುದಿಗೆ, ನಡುವಿನದನ್ನು ನಡುವಿಗೆ, ಸವೆದ ಅಂಚು ಹೊರಗೆ ಬರುವಂತೆ ಬದಲಿಸಿರಿ.

ನಮ್ಮ ಭಾಗದ ಧೂಳು ಬೇರಿಂಗಿನ ದೊಡ್ಡ ಶತ್ರು. ಗದಗಿನ ಎರಿ ಮಣ್ಣಿನ ಪುಡಿ ಬಹಳ ನುಣುಪಾದದ್ದು, ಒದ್ದೆಯಾದೊಡನೆ ಅಂಟಿಕೊಳ್ಳುತ್ತದೆ. ಪ್ರತಿ ಅಭ್ಯಾಸದ ನಂತರ ಒಣ ಬ್ರಷ್ಷಿನಿಂದ ಒರೆಸಿರಿ, ನೀರಿನಿಂದ ತೊಳೆಯಬೇಡಿ. ಕರಕರ ಶಬ್ದ ಬಂದಾಗ ಬೇರಿಂಗನ್ನು ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯ ಎರಡು ಹನಿ ಬಿಡಿ. ಬೆಂಕಿಯ ಹತ್ತಿರ ಈ ಕೆಲಸ ಬೇಡ. ಚಿಮಣಿ ಎಣ್ಣೆ ಜಿಡ್ಡಿನ ಪದರವನ್ನು ಬಿಡುತ್ತದೆ. ಕೊಬ್ಬರಿ ಎಣ್ಣೆ ಡಿಸೆಂಬರಿನ ಚಳಿಗೆ ಒಳಗೇ ಹೆಪ್ಪುಗಟ್ಟುತ್ತದೆ.

ಜೂನ್ ಬಂದು ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಹೊರಗಿನ ಅಭ್ಯಾಸವನ್ನು ನಿಲ್ಲಿಸಿ, ಹಂತ ಆರರ ನಿಲುವುಗಳನ್ನು ಮನೆಯೊಳಗೆ ಜಮಖಾನದ ಮೇಲೆ ಮುಂದುವರಿಸಿರಿ. ಬೂಟು ನೆನೆದಿದ್ದರೆ ಒಳಮೆತ್ತೆಯನ್ನು ಹೊರತೆಗೆದು ಗಾಳಿಗೆ ಇಡಿ, ಬೂಟಿನೊಳಗೆ ಹಳೆಯ ಪತ್ರಿಕೆಯ ಕಾಗದ ತುರುಕಿ ಎರಡು ತಾಸಿಗೊಮ್ಮೆ ಬದಲಿಸಿರಿ, ಮತ್ತು ಬೇರಿಂಗುಗಳಿಗೆ ಅದೇ ದಿನ ರಾತ್ರಿ ಎಣ್ಣೆ ಬಿಡಿ. ಬೆಳಗಿನವರೆಗೆ ತಡೆದರೆ ತುಕ್ಕು ಆಗಲೇ ಹತ್ತಿರುತ್ತದೆ.